ಜರ್ಮನಿಯಲ್ಲಿ ಕಲಿತು ಜಾಮಿಯಾಗೆ ಮರಳಿದ ಡಾ. ಜಾಕಿರ್ ಹುಸೇನ್



ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಿಂದ ಹೊರಟು ಜರ್ಮನಿಯಲ್ಲಿ ಓದಬೇಕೆಂಬ ಕನಸು ನಿಮ್ಮಲ್ಲಿ ಯಾರಿಗಾದರೂ ಇರಬಹುದು. ಭಾಷೆ ಗೊತ್ತಿಲ್ಲ, ಪರಿಚಯದವರಿಲ್ಲ, ಹಣ ಸಾಕಾದೀತೇ ಎಂಬ ಅಳುಕೂ ಇರಬಹುದು. ಅಂಥವರು ಡಾ. ಜಾಕಿರ್ ಹುಸೇನ್ ಅವರ ಜೀವನವನ್ನು ತಪ್ಪದೇ ತಿಳಿಯಬೇಕು.

ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಅಂದು ನಿಜಾಮರ ಸೀಮೆ. ಅದರ ರಾಜಧಾನಿ ಹೈದರಾಬಾದಿನಲ್ಲಿ 1897ರ ಫೆಬ್ರವರಿ 8ರಂದು ಅವರು ಜನಿಸಿದರು. ಬಾಲ್ಯದಲ್ಲೇ ತಂದೆ ತೀರಿಕೊಂಡರು, ಕೆಲವೇ ವರ್ಷಗಳಲ್ಲಿ ತಾಯಿಯೂ ಇಲ್ಲವಾದರು. ಆದರೂ ಓದು ನಿಲ್ಲಲಿಲ್ಲ. ಇಟಾವಾದ ಇಸ್ಲಾಮಿಯಾ ಶಾಲೆಯಿಂದ ಅಲಿಗಢದ ಕಾಲೇಜಿಗೆ ಬಂದರು. 1920ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಆ ಕಾಲೇಜನ್ನು ತೊರೆದು, ಹೊಸದಾಗಿ ಹುಟ್ಟಿದ ಜಾಮಿಯಾ ಮಿಲ್ಲಿಯಾ ಸೇರಿದರು.

1922ರಲ್ಲಿ, 25ನೇ ವಯಸ್ಸಿನಲ್ಲಿ, ಮನೆ ಸಂಸಾರ ಬಿಟ್ಟು ಬರ್ಲಿನ್‌ಗೆ ಹೊರಟರು. ವಿಷಯ ಅರ್ಥಶಾಸ್ತ್ರ, ಕಲಿಸುವ ಭಾಷೆ ಜರ್ಮನ್. ಮಹಾಯುದ್ಧದಲ್ಲಿ ಸೋತ ಆ ದೇಶದಲ್ಲಿ ಹಣಕ್ಕೆ ಬೆಲೆಯೇ ಉಳಿದಿರಲಿಲ್ಲ. 1923ರ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಒಂದು ಬ್ರೆಡ್ಡಿಗೆ ಸುಮಾರು 20 ಸಾವಿರ ಕೋಟಿ ಮಾರ್ಕ್ ಕೊಡಬೇಕಾಗಿತ್ತು!

ಇಂಥ ಊರಿನಲ್ಲಿ ಅವರು ಹೇಗೆ ನೆಲೆನಿಂತರು? ಕೋಣೆಯಲ್ಲಿ ಒಂಟಿಯಾಗಿ ಕೂರಲಿಲ್ಲ. ಭಾಷೆ ಕಲಿತರು, ಅಲ್ಲಿಯ ಜನರೊಡನೆ ಬೆರೆತರು. ಜರ್ಮನ್ ಗೆಳೆಯರೊಬ್ಬರ ಜೊತೆಗೂಡಿ ಗಾಂಧೀಜಿಯವರನ್ನು ಕುರಿತ ಜರ್ಮನ್ ಪುಸ್ತಕ ತಂದರು. ತಾಯ್ನುಡಿಯನ್ನೂ ಮರೆಯಲಿಲ್ಲ. ಬರ್ಲಿನ್‌ನ ಕಾವಿಯಾನಿ ಮುದ್ರಣಾಲಯದಲ್ಲಿ ತಾವೇ ಅಚ್ಚುಮೊಳೆ ಜೋಡಿಸಿ ಗಾಲಿಬ್ ಅವರ ದಿವಾನ್ ಮುದ್ರಿಸಿದರು. ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಅವರ ಸ್ನೇಹವೂ ಅಲ್ಲಿ ಗಟ್ಟಿಯಾಯಿತು.

ಅಷ್ಟರಲ್ಲಿ ಊರಿನಿಂದ ಕೆಟ್ಟ ಸುದ್ದಿ ಬಂತು. ಖಿಲಾಫತ್ ಚಳವಳಿ ಕುಸಿದು, ಹಣವಿಲ್ಲದೆ ಜಾಮಿಯಾ ಮುಚ್ಚುವ ಹಂತ ತಲುಪಿತ್ತು. ಮೂವರು ಗೆಳೆಯರೂ ಸಂಸ್ಥೆಯನ್ನು ಮುಚ್ಚಬಾರದೆಂದು, ತಾವು ಬಂದು ಅದಕ್ಕಾಗಿಯೇ ದುಡಿಯುವುದಾಗಿ ತಿಳಿಸಿದರು. 1926ರಲ್ಲಿ ಡಾಕ್ಟರೇಟ್ ಪದವಿಯೊಂದಿಗೆ ಮರಳಿದಾಗ ಜಾಕಿರ್ ಸಾಹೇಬರಿಗೆ 29 ವರ್ಷ. ದೊಡ್ಡ ಸಂಬಳದ ಹುದ್ದೆ ಹುಡುಕುವ ಬದಲು ಸಾಲದಲ್ಲಿದ್ದ ಜಾಮಿಯಾದ ಹೊಣೆ ಹೊತ್ತರು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ಸೇವೆ ಮಾಡುವುದಾಗಿ ಅವರೂ ಸಂಗಡಿಗರೂ ಪ್ರತಿಜ್ಞೆ ಮಾಡಿದರು. 1948ರವರೆಗೆ ಅದರ ಕುಲಪತಿಯಾಗಿದ್ದರು. ಬರ್ಲಿನ್‌ನ ಗೆಳತಿ ಗೆರ್ಡಾ ಫಿಲಿಪ್ಸ್‌ಬಾರ್ನ್ ಅವರೂ ದೆಹಲಿಗೆ ಬಂದು ಜಾಮಿಯಾದ ಪುಟ್ಟ ಮಕ್ಕಳಿಗಾಗಿ ದುಡಿದು, 1943ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು.

ಕೈಕೆಲಸದ ಮೂಲಕ ಕಲಿಕೆ ಎಂಬ ಜರ್ಮನ್ ಶಿಕ್ಷಣತಜ್ಞರ ವಿಚಾರ ಜಾಕಿರ್ ಹುಸೇನರ ಮೇಲೆ ಪ್ರಭಾವ ಬೀರಿತ್ತು. 1937ರಲ್ಲಿ ಗಾಂಧೀಜಿಯವರ ಮೂಲಶಿಕ್ಷಣ ಯೋಜನೆಯನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1963ರಲ್ಲಿ ಭಾರತರತ್ನ ಬಂತು. 1967ರಲ್ಲಿ ರಾಷ್ಟ್ರಪತಿಯಾದರು. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರ ಸಮಾಧಿ ಇರುವುದು ಜಾಮಿಯಾದ ಅಂಗಳದಲ್ಲೇ.

ವಿದ್ಯಾರ್ಥಿಗಳೇ, ಹೋಗುವ ಮೊದಲೇ ಭಾಷೆ ಕಲಿಯಲು ಶುರುಮಾಡಿ. ಹೋದ ಮೇಲೆ ಜನರೊಡನೆ ಬೆರೆಯಿರಿ, ನಿಮ್ಮ ಉರ್ದು ಕನ್ನಡಗಳನ್ನು ಬಿಡಬೇಡಿ. ಕಲಿತು ಎಲ್ಲಿಯೇ ನೆಲೆಸಿದರೂ ಸರಿ, ನೀವು ಅಕ್ಷರ ಕಲಿತ ಶಾಲೆಗೆ ಏನು ಕೊಡುವಿರಿ ಎಂಬುದನ್ನು ಮಾತ್ರ ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳಿ.