ಯುದ್ಧಭೂಮಿಯಲ್ಲಿ ಬಿಡಿಸಿದ ಲೆಕ್ಕ

ಕಪ್ಪುಕುಳಿಯ ವಿಷಯ ಬಂದಾಗ ವಿದ್ಯಾರ್ಥಿಗಳು ಐನ್‌ಸ್ಟೈನ್ ಹೆಸರನ್ನು ಥಟ್ಟನೆ ಹೇಳುತ್ತಾರೆ. ನಾನು ಅವರಿಗೆ ಇನ್ನೊಂದು ಹೆಸರನ್ನೂ ಹೇಳುತ್ತೇನೆ: ಕಾರ್ಲ್ ಶ್ವಾರ್ಜ್‌ಶೀಲ್ಡ್. ಈ ಸಂಚಿಕೆಯ ಓದುಗರಿಗೂ ಅವರನ್ನು ಪರಿಚಯಿಸಬೇಕೆಂಬುದು ನನ್ನ ಆಸೆ.

1873ರ ಅಕ್ಟೋಬರ್ 9ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನ ಯಹೂದಿ ಕುಟುಂಬವೊಂದರಲ್ಲಿ, ಮಕ್ಕಳಲ್ಲಿ ಹಿರಿಯರಾಗಿ ಅವರು ಜನಿಸಿದರು. ಬಾಲ್ಯದಲ್ಲೇ ಸ್ವತಃ ದೂರದರ್ಶಕ ಕಟ್ಟಿಕೊಂಡರು. ನಮ್ಮ ಹತ್ತನೇ ತರಗತಿಯ ಮಕ್ಕಳ ವಯಸ್ಸಿನಲ್ಲಿ, ಅಂದರೆ ಹದಿನಾರರ ಹೊತ್ತಿಗೆ, ಜೋಡಿ ನಕ್ಷತ್ರಗಳ ಕಕ್ಷೆಯ ಕುರಿತು ಪ್ರಬಂಧ ಪ್ರಕಟಿಸಿದ್ದರು. ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದು, 1901ರಲ್ಲಿ ಗಾಟಿಂಗೆನ್‌ಗೂ 1909ರಲ್ಲಿ ಪಾಟ್ಸ್‌ಡಾಮ್ ವೀಕ್ಷಣಾಲಯಕ್ಕೂ ನಿರ್ದೇಶಕರಾಗಿ ಹೋದರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ನಲವತ್ತು ದಾಟಿದ್ದರೂ ಸ್ವಇಚ್ಛೆಯಿಂದ ಸೈನ್ಯ ಸೇರಿ, ಫಿರಂಗಿ ಗುಂಡುಗಳ ಪಥವನ್ನು ಲೆಕ್ಕ ಹಾಕುವ ಕೆಲಸ ಮಾಡಿದರು. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಮೀಕರಣಗಳನ್ನು ಮಂಡಿಸಿದರು. ಅವಕ್ಕೆ ಸ್ವತಃ ಐನ್‌ಸ್ಟೈನ್‌ಗೆ ದೊರೆತಿದ್ದು ಅಂದಾಜಿನ ಪರಿಹಾರ ಮಾತ್ರ. ಯುದ್ಧರಂಗದಲ್ಲಿದ್ದ ಶ್ವಾರ್ಜ್‌ಶೀಲ್ಡ್ ಡಿಸೆಂಬರ್ ಮುಗಿಯುವ ಮೊದಲೇ ನಿಖರ ಪರಿಹಾರ ಕಂಡುಹಿಡಿದು ಪತ್ರದಲ್ಲಿ ಕಳಿಸಿದರು. ಅಷ್ಟರಲ್ಲಿ ಮೈತುಂಬ ಗುಳ್ಳೆಗಳೇಳುವ ಪೆಂಫಿಗಸ್ ಎಂಬ ಚರ್ಮರೋಗ ಅವರನ್ನು ಆವರಿಸಿತು. ಆಗ ಅದಕ್ಕೆ ಮದ್ದಿರಲಿಲ್ಲ. 1916ರ ಮೇ 11ರಂದು, 42ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪರಿಹಾರದಲ್ಲಿ ಒಂದು ಗಡಿಯಿದೆ. ಸೂರ್ಯನ ದ್ರವ್ಯವನ್ನೆಲ್ಲ ಸುಮಾರು 3 ಕಿಲೋಮೀಟರ್ ತ್ರಿಜ್ಯದೊಳಗೆ ಅಥವಾ ಭೂಮಿಯನ್ನು ಸುಮಾರು 9 ಮಿಲಿಮೀಟರ್ ತ್ರಿಜ್ಯದೊಳಗೆ ಒತ್ತಿದರೆ ಬೆಳಕೂ ಹೊರಬರಲಾರದು. ಈ ಗಡಿಯಲ್ಲಿ ಸೂತ್ರ ಕೆಟ್ಟಂತೆ ಕಾಣುವುದು ನಾವು ಅಳೆಯುವ ವಿಧಾನದ ದೋಷವೆಂದು ಮುಂದೆ ತಿಳಿಯಿತು. ನಡುವಿನ ಬಿಂದುವಿನ ತೊಡಕು ಮಾತ್ರ ನಿಜವಾದದ್ದು. ಅಲ್ಲಿ ಸಾಂದ್ರತೆ ಅನಂತವಾಗುತ್ತದೆ ಎನ್ನುತ್ತದೆ ಗಣಿತ. ಇದೇ ಸಿಂಗ್ಯುಲಾರಿಟಿ. ನಮ್ಮ ದೇಶದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದ ಸಮೀಕರಣ ಇದರ ಅಧ್ಯಯನಕ್ಕೆ ದಾರಿ ತೆರೆಯಿತು. ಕುಸಿಯುವ ನಕ್ಷತ್ರ ಪೂರ್ಣ ಗುಂಡಗಿಲ್ಲದಿದ್ದರೂ ಇದು ತಪ್ಪದೆಂದು 1965ರಲ್ಲಿ ರೋಜರ್ ಪೆನ್‌ರೋಸ್ ತೋರಿಸಿದರು.

ಅನಂತ ಎಂಬ ಉತ್ತರ ಬಂದರೆ ಪ್ರಕೃತಿ ಅಲ್ಲಿಗೆ ಮುಗಿಯಿತೆಂದು ಭಾವಿಸಬಾರದು. ಮುಗಿದಿರುವುದು ನಮ್ಮ ಸಿದ್ಧಾಂತದ ಶಕ್ತಿ ಎಂದೇ ಹೆಚ್ಚಿನ ವಿಜ್ಞಾನಿಗಳ ಎಣಿಕೆ. ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಒಂದುಗೂಡಿಸುವ ಸಿದ್ಧಾಂತ ಇನ್ನೂ ಕೈಗೆ ಬಂದಿಲ್ಲ. ಪಠ್ಯಪುಸ್ತಕದಲ್ಲಿ ಎಲ್ಲವೂ ಬರೆದು ಮುಗಿದಿದೆ ಎಂದುಕೊಳ್ಳುವ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಶ್ವಾರ್ಜ್‌ಶೀಲ್ಡ್ ಬಿಟ್ಟುಹೋದ ಆ ಬಿಂದುವಿನ ಲೆಕ್ಕ ಇನ್ನೂ ಬಾಕಿಯಿದೆ.