ಜಾರ್ಜ್ ಹ್ಯಾರಿಸನ್: ಗುರುವಿನ ಕರೆಗೆ ಓಗೊಟ್ಟ ಗಾಯಕ

ಲೋಕದ ಕಷ್ಟಕ್ಕೆ ಕಲಾವಿದನು ಎಷ್ಟರಮಟ್ಟಿಗೆ ಬಾಧ್ಯನೆಂಬುದು ಹಳೆಯ ಪ್ರಶ್ನೆ. ಹಾಡುವುದಷ್ಟೇ ಅವನ ಧರ್ಮವೆನ್ನುವವರು ಕೆಲವರು. ಹಾಡಿನಿಂದ ಬಂದ ಕೀರ್ತಿಯೂ ಒಂದು ಬಗೆಯ ಋಣವೇ, ಅದನ್ನು ಲೋಕಕ್ಕೆ ತೀರಿಸಬೇಕೆನ್ನುವವರು ಕೆಲವರು. ಈ ಪ್ರಶ್ನೆಗೆ ತನ್ನ ಕಾರ್ಯದಿಂದಲೇ ಉತ್ತರವಿತ್ತವರಲ್ಲಿ ಇಂಗ್ಲೆಂಡಿನ ಗಾಯಕ ಜಾರ್ಜ್ ಹ್ಯಾರಿಸನ್ ಒಬ್ಬ. 1971ರ ಆಗಸ್ಟ್ 1ರಂದು ನ್ಯೂಯಾರ್ಕ್ ನಗರದಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಆತ ಏರ್ಪಡಿಸಿದ ಸಂಗೀತ ಕಛೇರಿಯನ್ನು ಜನ ಇಂದಿಗೂ ಮರೆತಿಲ್ಲ. ಅಂದು ಆತ ಮಾಡಿದುದರ ಬೆಲೆಯನ್ನು ಅರಿಯಬೇಕಾದರೆ, ಆ ದಿನದವರೆಗೆ ಆತ ನಡೆದು ಬಂದ ದಾರಿಯನ್ನೂ ಅರಿಯಬೇಕು.

ಹ್ಯಾರಿಸನ್ ಹುಟ್ಟಿದ್ದು 1943ರ ಫೆಬ್ರವರಿ 25ರಂದು, ಲಿವರ್‌ಪೂಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಹೆರಾಲ್ಡ್ ಮೊದಲು ಹಡಗಿನಲ್ಲಿ ಪರಿಚಾರಕನಾಗಿದ್ದು ಆಮೇಲೆ ಬಸ್ಸಿನ ಕಂಡಕ್ಟರನಾದವನು; ತಾಯಿ ಲೂಯಿಸ್ ಅಂಗಡಿಯಲ್ಲಿ ಕೆಲಸ ಮಾಡಿದವಳು. ನಾಲ್ವರು ಮಕ್ಕಳಲ್ಲಿ ಇವನೇ ಕಿರಿಯವನು. ಸಾಲುಮನೆಗಳಲ್ಲೊಂದು ಪುಟ್ಟ ಮನೆ. ಚಳಿಗೆ ಇಡೀ ಮನೆಗೆ ಇದ್ದುದು ಒಂದೇ ಇದ್ದಿಲ ಅಗ್ಗಿಷ್ಟಿಕೆ. ಓದಿನಲ್ಲಿ ಹುಡುಗನಿಗೆ ಮನಸ್ಸು ನಿಲ್ಲಲಿಲ್ಲ, ಗಿಟಾರಿನಲ್ಲಿ ನಿಂತಿತು. ಶಾಲೆಯ ಬಸ್ಸಿನಲ್ಲಿ ಪಾಲ್ ಮೆಕಾರ್ಟ್ನಿಯ ಪರಿಚಯವಾಗಿ, ಅವನ ಮೂಲಕ 1958ರಲ್ಲಿ ಜಾನ್ ಲೆನನ್ನನ ತಂಡವನ್ನು ಸೇರಿದಾಗ ಇವನಿಗೆ 15 ವರ್ಷ. 1960ರಲ್ಲಿ ತಂಡವು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಹಾಡುತ್ತಿದ್ದಾಗ, ಹುಡುಗನಿಗೆ ಇನ್ನೂ 18 ತುಂಬಿಲ್ಲವೆಂದು ಅಲ್ಲಿನ ಅಧಿಕಾರಿಗಳು ಅವನೊಬ್ಬನನ್ನು ಊರಿಗೆ ಹಿಂದಿರುಗಿಸಿದರು. 1962ರಲ್ಲಿ ರಿಂಗೋ ಸ್ಟಾರ್ ಬಂದು ಕೂಡಿಕೊಂಡ ಬಳಿಕ ನಾಲ್ವರ ಆ ತಂಡ, ಬೀಟಲ್ಸ್, ಎರಡೇ ವರ್ಷಗಳಲ್ಲಿ ಜಗತ್ಪ್ರಸಿದ್ಧವಾಯಿತು.

ಇಪ್ಪತ್ತೆರಡರ ಪ್ರಾಯಕ್ಕೆ ಹ್ಯಾರಿಸನ್ನನಿಗೆ ಧನವೂ ಕೀರ್ತಿಯೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಬಂದಿದ್ದವು. ಆದರೆ ಸಭಾಂಗಣಗಳಲ್ಲಿ ಅಭಿಮಾನಿಗಳ ಕೂಗಿನ ನಡುವೆ ತನ್ನ ವಾದ್ಯದ ದನಿ ತನಗೇ ಕೇಳಿಸದಂತಹ ಸ್ಥಿತಿ. ತಂಡದ ಹಾಡುಗಳನ್ನು ಬಹುಪಾಲು ಲೆನನ್, ಮೆಕಾರ್ಟ್ನಿ ಇವರೇ ರಚಿಸುತ್ತಿದ್ದುದರಿಂದ ಇವನ ಪಾಲಿಗೆ ಉಳಿಯುತ್ತಿದ್ದುದು ಸ್ವಲ್ಪ. ಹೀಗಿರುವಾಗ 1965ರಲ್ಲಿ, ಚಲನಚಿತ್ರವೊಂದರ ಚಿತ್ರೀಕರಣದ ಸ್ಥಳದಲ್ಲಿ, ಭಾರತೀಯ ವಾದಕರು ತಂದಿದ್ದ ಸಿತಾರು ಇವನ ಕಣ್ಣಿಗೆ ಬಿತ್ತು. ಲಂಡನ್ನಿನ ಅಂಗಡಿಯೊಂದರಲ್ಲಿ ಅಗ್ಗದ ಸಿತಾರೊಂದನ್ನು ಕೊಂಡು, ಗುರುವಿಲ್ಲದೆಯೇ ಮೀಟಿ, ಆ ವರ್ಷದ ಒಂದು ಹಾಡಿನಲ್ಲಿ ಅದರ ನಾದವನ್ನು ಸೇರಿಸಿದನು.

ಕನ್ನಡಿಗರಾದ ನಾವು ಅಭಿಮಾನದಿಂದ ನೆನೆಯಬೇಕಾದ ಸಂಗತಿಯೊಂದು ಇಲ್ಲಿದೆ. ಆ ಹಾಡಿನ ಧ್ವನಿಮುದ್ರಣದ ವೇಳೆಗೆ ಸಿತಾರಿನ ತಂತಿ ಕಡಿದುಹೋಯಿತು. ಲಂಡನ್ನಿನಲ್ಲಿ ಸಿತಾರಿನ ತಂತಿ ಎಲ್ಲಿ ಸಿಕ್ಕೀತು? ಒದಗಿ ಬಂದುದು ಅಯನ ದೇವ ಅಂಗಡಿಯವರ ಮನೆ. ಕನ್ನಡ ನಾಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಅಂಗಡಿಯವರು, ತಮ್ಮ ಆಂಗ್ಲ ಪತ್ನಿ ಪೆಟ್ರೀಷಿಯಾರೊಡನೆ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಯನ್ನು ಕಟ್ಟಿ, ನಮ್ಮ ಸಂಗೀತವನ್ನು ಆ ನಾಡಿಗೆ ಪರಿಚಯಿಸುತ್ತಿದ್ದವರು. ತಂತಿಯಿಂದ ಆರಂಭವಾದ ಸ್ನೇಹ ಬೆಳೆಯಿತು. 1966ರ ಜೂನ್ ತಿಂಗಳಲ್ಲಿ ಪಂಡಿತ ರವಿಶಂಕರರ ಭೇಟಿಯಾದುದೂ ಅಂಗಡಿಯವರ ಮನೆಯಲ್ಲಿಯೇ.

ರವಿಶಂಕರರು ಬೀಟಲ್ಸರ ಕೀರ್ತಿಗೆ ಮಾರುಹೋದವರಲ್ಲ. ಸಿತಾರು ಬಾಳೆಲ್ಲ ಬೇಡುವ ವಿದ್ಯೆಯೆಂಬುದನ್ನು ಶಿಷ್ಯನಿಗೆ ಮೊದಲೇ ತಿಳಿಸಿದರು. ಅದೇ ವರ್ಷದ ಶರತ್ಕಾಲದಲ್ಲಿ ಹ್ಯಾರಿಸನ್ ಭಾರತಕ್ಕೆ ಬಂದು, ಮುಂಬಯಿಯಲ್ಲಿ ಅಭಿಮಾನಿಗಳ ಕಾಟ ತಾಳಲಾರದೆ ಶ್ರೀನಗರದ ದೋಣಿಮನೆಯಲ್ಲಿದ್ದು ಅಭ್ಯಾಸ ಮಾಡಿದನು. ನೆಲದ ಮೇಲೆ ಕುಳಿತು, ಬೆರಳು ನೋಯುವವರೆಗೆ ಸರಳೆಗಳನ್ನು ಸಾಧಿಸುವ ಶಿಕ್ಷಣವದು. ಎರಡು ವರ್ಷಗಳ ತರುವಾಯ, ತಾನು ದೊಡ್ಡ ಸಿತಾರ್ ವಾದಕನಾಗಲಾರೆನೆಂಬುದನ್ನು ಆತನೇ ಕಂಡುಕೊಂಡು ಗಿಟಾರಿಗೆ ಮರಳಿದನು. ಈ ವಿವೇಕ ಸಾಮಾನ್ಯವಾದುದಲ್ಲ. ವಿದ್ಯೆ ಪೂರ್ಣವಾಗಿ ಕೈಗೆ ಬಾರದಿದ್ದರೂ ಗುರುಭಕ್ತಿ ಕೊನೆಯವರೆಗೆ ನಿಂತಿತು.

1970ರಲ್ಲಿ ಬೀಟಲ್ಸ್ ತಂಡ ಒಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಪೂರ್ವ ಬಂಗಾಳದ ಕಡಲ ತೀರಕ್ಕೆ ಚಂಡಮಾರುತ ಬಡಿದು ಲಕ್ಷಗಟ್ಟಲೆ ಜನ ಸತ್ತರು. ಆ ಗಾಯ ಮಾಯುವ ಮುನ್ನವೇ, 1971ರ ಮಾರ್ಚ್ 25ರ ರಾತ್ರಿ, ಪಾಕಿಸ್ತಾನದ ಸೈನ್ಯ ಢಾಕಾದ ಜನರ ಮೇಲೆ ಬಿದ್ದಿತು. ಮುಂದಿನ ತಿಂಗಳುಗಳಲ್ಲಿ ಗಡಿದಾಟಿ ಭಾರತಕ್ಕೆ ಬಂದ ನಿರಾಶ್ರಿತರ ಸಂಖ್ಯೆ ಒಂದು ಕೋಟಿಯ ಸಮೀಪಕ್ಕೆ ಏರಿತು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಮಕ್ಕಳು ಹಸಿವಿನಿಂದ ಸತ್ತರು. ರವಿಶಂಕರರ ಮನೆತನ ಮೂಲತಃ ಆ ಬಂಗಾಳದ್ದೇ. ಆಗ ಅಮೆರಿಕದಲ್ಲಿದ್ದ ಅವರು, ತಾವು ಕಛೇರಿ ನಡೆಸಿದರೆ ಇಪ್ಪತ್ತೈದು ಸಾವಿರ ಡಾಲರುಗಳಾದರೂ ಕೂಡಬಹುದೇನೋ ಎಂದು ಎಣಿಸಿ ಶಿಷ್ಯನ ನೆರವನ್ನು ಕೇಳಿದರು.

ಕೇಳಿದುದು ಅಷ್ಟು, ಶಿಷ್ಯನು ಕೊಡಲು ಹೊರಟಿದ್ದು ಅದಕ್ಕಿಂತ ಬಹಳ ದೊಡ್ಡದನ್ನು. ಕೆಲವೇ ವಾರಗಳಲ್ಲಿ ಆತ ದೂರವಾಣಿಯ ಮುಂದೆ ಕುಳಿತು ಮಿತ್ರರನ್ನೆಲ್ಲ ಒಟ್ಟುಗೂಡಿಸಿದನು. ಹಲವು ವರ್ಷಗಳಿಂದ ವೇದಿಕೆಗೆ ಬಹುಮಟ್ಟಿಗೆ ದೂರನಾಗಿದ್ದ ಬಾಬ್ ಡಿಲನ್ ಬಂದನು. ಮಾದಕ ವ್ಯಸನದಿಂದ ನರಳುತ್ತಿದ್ದ ಎರಿಕ್ ಕ್ಲಾಪ್ಟನ್ ಬಂದನು. ಹಳೆಯ ಗೆಳೆಯ ರಿಂಗೋ ಸ್ಟಾರ್ ಬಂದನು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಬೃಹತ್ ಸಭಾಂಗಣದಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಕಛೇರಿಗಳು ನಡೆದವು. ಒಟ್ಟು ಸುಮಾರು 40 ಸಾವಿರ ಜನ ಕೇಳಿದರು. ಅಂದಿನ ಅಮೆರಿಕ ಸರ್ಕಾರವು ಪಾಕಿಸ್ತಾನದ ಪಕ್ಷದಲ್ಲಿತ್ತು. ಬಾಂಗ್ಲಾದೇಶವೆಂಬ ರಾಷ್ಟ್ರವನ್ನು ಭಾರತವೂ ಇನ್ನೂ ಮನ್ನಿಸಿರಲಿಲ್ಲ. ಅಂತಹ ಹೊತ್ತಿನಲ್ಲಿ ನ್ಯೂಯಾರ್ಕಿನ ನಡುವೆ ಆ ಹೆಸರು ಹಾಡಾಗಿ ಮೊಳಗಿತು.

ಈ ಕಛೇರಿಯ ಚಲನಚಿತ್ರವನ್ನು ನಾನು ಎಂ.ಎ. ವಿದ್ಯಾರ್ಥಿಯಾಗಿದ್ದಾಗ, ಎರಡು ದಶಕಗಳ ಹಿಂದೆ, ಸಹಪಾಠಿಯೊಬ್ಬನು ತಂದ ಹಳೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದೆ. ಚಿತ್ರ ಮಸುಕಾಗಿತ್ತು, ಧ್ವನಿ ಆಗಾಗ ನಡುಗುತ್ತಿತ್ತು. ಮೊದಲು ಭಾರತೀಯ ಸಂಗೀತ. ಸಿತಾರಿಗೆ ರವಿಶಂಕರ್, ಸರೋದಿಗೆ ಅಲಿ ಅಕ್ಬರ್ ಖಾನ್, ತಬಲಾಕ್ಕೆ ಅಲ್ಲಾ ರಖಾ. ಸಮಾಧಾನದಿಂದ ಕೇಳಬೇಕೆಂದು ಹ್ಯಾರಿಸನ್ ಸಭಿಕರನ್ನು ಬೇಡಿಕೊಂಡನು. ವಾದಕರು ಒಂದೆರಡು ನಿಮಿಷ ಶ್ರುತಿ ಮಾಡಿಕೊಂಡು ನಿಲ್ಲಿಸಿದರು. ಕೂಡಲೇ ಸಭೆಯಲ್ಲಿ ಭಾರಿ ಕರತಾಡನ! ಶ್ರುತಿಯೇ ಇಷ್ಟು ಹಿಡಿಸಿದ ಮೇಲೆ ವಾದನ ಇನ್ನೂ ಹಿಡಿಸೀತೆಂಬ ಅರ್ಥದ ಮಾತನ್ನು ರವಿಶಂಕರರು ನಗುತ್ತ ಆಡಿದರು. ಗಣೇಶೋತ್ಸವದ ಕಛೇರಿಗಳಲ್ಲಿ ತಂಬೂರಿಯ ಶ್ರುತಿ ಕೇಳುತ್ತ ಬೆಳೆದ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ವಾದನ ಮುಂದುವರಿದಂತೆ ನಗು ನಿಂತಿತು. ತಿಳಿಯದ ಸಂಗೀತಕ್ಕೆ ಆ ಯುವಜನರು ಮೌನದಿಂದ ಕಿವಿಗೊಟ್ಟಿದ್ದರು. ಶ್ರುತಿಗೆ ಅವರು ತಟ್ಟಿದ ಚಪ್ಪಾಳೆ ಅಜ್ಞಾನದ್ದಾದರೂ ಆದರದ್ದು ಎಂದು ನನಗೆ ತೋರಿತು. ಆಮೇಲೆ ಬಿಳಿಯ ಉಡುಪಿನಲ್ಲಿ ಹ್ಯಾರಿಸನ್ ಮುಂದೆ ಬಂದನು. ಐದು ವರ್ಷಗಳಿಂದ ತಾನೇ ಮುಂದಾಳಾಗಿ ವೇದಿಕೆಯೇರದಿದ್ದವನ ಅಳುಕು ಮುಖದಲ್ಲಿ ಕಾಣುತ್ತಿತ್ತು. ಆ ಅಳುಕನ್ನು ಮೀರಿ ಆತ ಹಾಡಿದನು.

ಆ ದಿನದ ಟಿಕೆಟ್ಟುಗಳಿಂದ ಸುಮಾರು 2 ಲಕ್ಷ 43 ಸಾವಿರ ಡಾಲರು ಕೂಡಿ ಯುನಿಸೆಫ್ ಸಂಸ್ಥೆಗೆ ಸಂದಿತು. ಧ್ವನಿಮುದ್ರಿಕೆ, ಚಲನಚಿತ್ರಗಳಿಂದ ಬರಬೇಕಾದುದು ಅದರ ಹಲವು ಪಟ್ಟು. ಆದರೆ ಕಛೇರಿಯನ್ನು ಮೊದಲೇ ಧರ್ಮಸಂಸ್ಥೆಯೊಂದರ ಮೂಲಕ ನಡೆಸಿರಲಿಲ್ಲವೆಂಬ ಕಾರಣದಿಂದ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿಯನ್ನು ಕೊಡಲಿಲ್ಲ. ಬಹುಭಾಗ ಹಣ ವರ್ಷಾನುಗಟ್ಟಲೆ ತಡೆಹಿಡಿಯಲ್ಪಟ್ಟಿತು. ಇಂಗ್ಲೆಂಡಿನ ಸರ್ಕಾರವೂ ತೆರಿಗೆಯನ್ನು ಬಿಡಲಿಲ್ಲ. ಕೊನೆಗೆ 1973ರಲ್ಲಿ ಹ್ಯಾರಿಸನ್ ತನ್ನ ಸ್ವಂತ ಹಣದಿಂದ ಹತ್ತು ಲಕ್ಷ ಪೌಂಡುಗಳನ್ನು ಆ ಸರ್ಕಾರಕ್ಕೆ ಕಟ್ಟಿದನು. ಹಸಿದವರಿಗೆಂದು ಹಾಡಿದವನು ಅದಕ್ಕಾಗಿ ದಂಡ ತೆತ್ತಂತಾಯಿತು! ಯುದ್ಧವು 1971ರ ಡಿಸೆಂಬರ್ 16ಕ್ಕೆ ಮುಗಿದಿತ್ತು. ತಡೆದ ಹಣ ಬಿಡುಗಡೆಯಾಗುವ ವೇಳೆಗೆ ಶಿಬಿರಗಳ ಎಷ್ಟೋ ಮಕ್ಕಳಿಗೆ ಅದರಿಂದ ಪ್ರಯೋಜನವಿರಲಿಲ್ಲ. ದಾನಕ್ಕೆ ಒಳ್ಳೆಯ ಮನಸ್ಸು ಸಾಲದು, ಲೆಕ್ಕಪತ್ರದ ಎಚ್ಚರವೂ ಬೇಕೆಂಬ ಪಾಠವನ್ನು ಆತ ದುಬಾರಿ ಬೆಲೆ ತೆತ್ತು ಕಲಿತನು. 1973ರಲ್ಲಿಯೇ ತನ್ನದೇ ಧರ್ಮನಿಧಿಯೊಂದನ್ನು ಸ್ಥಾಪಿಸಿದುದು ಆ ಪಾಠದ ಫಲವೆನ್ನಬಹುದು. ಮುಂದೆ 1985ರಲ್ಲಿ ಇಥಿಯೋಪಿಯದ ಕ್ಷಾಮಕ್ಕಾಗಿ ನಡೆದ ಲೈವ್ ಏಡ್ ಮೊದಲಾದ ಕಛೇರಿಗಳಿಗೆ ದಾರಿಯನ್ನು ತೋರಿದುದು ಹ್ಯಾರಿಸನ್ನನ ಈ ಸಾಹಸವೇ.

ಆತನ ಉಳಿದ ಬಾಳು ಏರಿಳಿತಗಳದು. 1974ರಲ್ಲಿ ರವಿಶಂಕರರನ್ನು ಜೊತೆಗೊಂಡು ಅಮೆರಿಕದಲ್ಲಿ ಸಂಚರಿಸಿದಾಗ ಕಂಠ ಕೆಟ್ಟಿತ್ತು. ವಿಮರ್ಶಕರು ಕನಿಕರ ತೋರಲಿಲ್ಲ. ಕ್ರಮೇಣ ಆತ ಸಭೆಗಳಿಂದ ಹಿಂದೆ ಸರಿದು, ಹೆನ್ಲಿ ಪಟ್ಟಣದ ತನ್ನ ಮನೆಯ ವಿಶಾಲವಾದ ತೋಟದಲ್ಲಿ ಗಿಡಮರಗಳನ್ನು ನೆಟ್ಟು ಬೆಳೆಸುತ್ತ ಕಾಲ ಕಳೆದನು. ತನ್ನ ಆತ್ಮಕಥೆಯನ್ನು ಅರ್ಪಿಸಿದುದು ಎಲ್ಲೆಡೆಯ ತೋಟಗಾರರಿಗೆ. 1997ರಲ್ಲಿ ರವಿಶಂಕರರು ವೇದಮಂತ್ರಗಳನ್ನೂ ಶ್ಲೋಕಗಳನ್ನೂ ಸಂಗೀತಕ್ಕೆ ಅಳವಡಿಸಿದಾಗ ಆ ಧ್ವನಿಮುದ್ರಿಕೆಯ ನಿರ್ಮಾಪಕನಾಗಿ ಗುರುವಿನ ಪಕ್ಕದಲ್ಲಿ ನಿಂತನು. 1999ರ ಡಿಸೆಂಬರಿನಲ್ಲಿ ಮನೆಗೆ ನುಗ್ಗಿದವನೊಬ್ಬನ ಚೂರಿಯ ಇರಿತದಿಂದ ಬದುಕಿ ಉಳಿದರೂ, ಕ್ಯಾನ್ಸರ್ ರೋಗ ಬಿಡಲಿಲ್ಲ. 2001ರ ನವೆಂಬರ್ 29ರಂದು, 58ನೆಯ ವಯಸ್ಸಿನಲ್ಲಿ, ಹ್ಯಾರಿಸನ್ ತೀರಿಕೊಂಡನು.

ಸರಿಯಾಗಿ ಒಂದು ವರ್ಷದ ಬಳಿಕ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮಿತ್ರರು ಆತನ ನೆನಪಿಗಾಗಿ ಕಛೇರಿ ನಡೆಸಿದರು. ಅದಕ್ಕೆಂದು ರವಿಶಂಕರರು ಹೊಸ ಕೃತಿಯೊಂದನ್ನು ರಚಿಸಿ, ಅದಕ್ಕೆ ಅರ್ಪಣ್ ಎಂದು ಹೆಸರಿಟ್ಟರು. 82ರ ವೃದ್ಧ ಗುರುವು ತನಗಿಂತ 23 ವರ್ಷ ಕಿರಿಯನಾದ ಶಿಷ್ಯನಿಗೆ ಸಲ್ಲಿಸಿದ ನಾದತರ್ಪಣವದು. ಮಗಳು ಅನುಷ್ಕಾ ವಾದ್ಯಗೋಷ್ಠಿಯನ್ನು ನಡೆಸುತ್ತಿದ್ದಾಗ, ಆ ವೃದ್ಧರು ಕುಳಿತು ಕೇಳಿದರು.