ತೋಳು ಉಳಿಸಿದರು, ಗಾಳಿಗೆ ಸೀಸ ಬೆರೆಸಿದರು

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರು ಹೊರಡಿಸುವುದೆಂದರೆ ತೋಳ್ಬಲದ ಪರೀಕ್ಷೆ. ಚಾಲಕ ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಕಿಡಿ ತುಸು ಮೊದಲೇ ಹೊತ್ತಿದರೆ ಎಂಜಿನ್ ಹಿಮ್ಮುಖವಾಗಿ ಒದೆದು ಮಣಿಕಟ್ಟು ಮುರಿಯುತ್ತಿತ್ತು. ಈ ಅಪಾಯವನ್ನು ನೀಗಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್.

1876ರಲ್ಲಿ ಒಹಾಯೊ ರಾಜ್ಯದಲ್ಲಿ ಜನಿಸಿದ ಕೆಟರಿಂಗ್, ಕಣ್ಣಿನ ತೊಂದರೆಯಿಂದ ವ್ಯಾಸಂಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಟೆಲಿಫೋನ್ ತಂತಿ ಎಳೆಯುವ ತಂಡದಲ್ಲಿ ದುಡಿದು, ಮತ್ತೆ ಓದಿ, 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಗಲ್ಲಾಯಂತ್ರಕ್ಕೆ ವಿದ್ಯುತ್ ಮೋಟರ್ ಅಳವಡಿಸಿದರು. ಅಲ್ಲಿ ಕಂಡ ಸತ್ಯ ಸರಳ: ಕ್ಷಣಕಾಲ ಮಾತ್ರ ದುಡಿಯುವ ಪುಟ್ಟ ಮೋಟರ್, ಆ ಹೊತ್ತಿಗೆ ಅಳತೆ ಮೀರಿದ ಹೊರೆಯನ್ನೂ ತಾಳಬಲ್ಲದು.

1909ರಲ್ಲಿ ಎಡ್ವರ್ಡ್ ಡೀಡ್ಸ್ ಜತೆ ಡೆಲ್ಕೊ ಕಂಪನಿ ಕಟ್ಟಿದ ಅವರು ಇದೇ ತತ್ವವನ್ನು ಕಾರಿಗೆ ತಂದರು. 1912ರ ಮಾದರಿಯ ಕ್ಯಾಡಿಲಾಕ್‌ನಲ್ಲಿ ಒಂದೇ ಯಂತ್ರ ಮೊದಲು ಮೋಟರ್ ಆಗಿ ಎಂಜಿನ್ ತಿರುಗಿಸುತ್ತಿತ್ತು, ಬಳಿಕ ಜನರೇಟರ್ ಆಗಿ ಬ್ಯಾಟರಿ ತುಂಬುತ್ತಿತ್ತು. ಮುಂದೆ ಇವೆರಡೂ ಬೇರೆಯಾದವು. ಇಂದಿನ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಸ್ಟಾರ್ಟರ್‌ನ ಕಿರಿಯ ಹಲ್ಲುಗಾಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವಿನ ಫ್ಲೈವೀಲ್‌ನ ದೊಡ್ಡ ಹಲ್ಲುಬಳೆಗೆ ಕಚ್ಚಿಕೊಳ್ಳುತ್ತದೆ. ಕಿರಿಯದು ಹಲವು ಸುತ್ತು ತಿರುಗಿದಾಗ ದೊಡ್ಡದು ಒಂದು ಸುತ್ತು ತಿರುಗುತ್ತದೆ. ವೇಗ ತಗ್ಗಿ ಬಲ ಹೆಚ್ಚುತ್ತದೆ. ಎಂಜಿನ್ ಹೊತ್ತಿಕೊಂಡೊಡನೆ ಕಿರಿಯ ಗಾಲಿ ಹಿಂದೆ ಸರಿಯುತ್ತದೆ.

ತೋಳ್ಬಲವಿಲ್ಲದವರಿಗೂ ಪೆಟ್ರೋಲ್ ಕಾರು ಒಲಿಯಿತು. ಹ್ಯಾಂಡಲ್‌ನ ರಗಳೆಯಿಲ್ಲವೆಂಬ ಹಿರಿಮೆಯನ್ನು ಅಂದಿನ ಬ್ಯಾಟರಿ ಕಾರುಗಳು ಕಳೆದುಕೊಂಡವು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಜನರಲ್ ಮೋಟರ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕೆಟರಿಂಗ್ ಅವರ ಕೈಕೆಳಗೆ 1921ರಲ್ಲಿ ಥಾಮಸ್ ಮಿಜ್ಲಿ, ಎಂಜಿನ್‌ನ ಬಡಿತ ತಡೆಯಲು ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸುವ ದಾರಿ ಕಂಡುಕೊಂಡರು. ಸೀಸ ವಿಷವೆಂಬುದು ಆಗಲೇ ತಿಳಿದಿತ್ತು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಸತ್ತರು, ವೈದ್ಯರು ಎಚ್ಚರಿಸಿದರು. ವ್ಯಾಪಾರ ನಿಲ್ಲಲಿಲ್ಲ. ಮಕ್ಕಳ ಮಿದುಳಿಗೆ ಕುಂದು ತರುವ ಈ ಇಂಧನವನ್ನು ಭಾರತ ಕೈಬಿಟ್ಟದ್ದು 2000ದಲ್ಲಿ. ಜಗತ್ತಿನ ರಸ್ತೆಗಳಿಂದ ಅದು ಮರೆಯಾದದ್ದು 2021ರಲ್ಲಿ.

1945ರಲ್ಲಿ ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ತಮ್ಮ ಹೆಸರನ್ನೂ ನೀಡಿದ ಕೆಟರಿಂಗ್ 1958ರಲ್ಲಿ ತೀರಿಕೊಂಡರು. ಅವರನ್ನು ಖಳನಾಯಕನೆಂದು ಬದಿಗೆ ಸರಿಸುವುದು ಸುಲಭ, ನ್ಯಾಯವಲ್ಲ. ಸ್ಟಾರ್ಟರ್ ತನ್ನ ಕೆಲಸ ಮುಗಿಸಿ ಸರಿದುಕೊಳ್ಳುತ್ತದೆ; ಸೀಸ ಮೂಳೆಗಳಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹೊಸ ಆವಿಷ್ಕಾರವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಕೇಳಬೇಕಾದ ಪ್ರಶ್ನೆ ಈ ವ್ಯತ್ಯಾಸದಲ್ಲೇ ಇದೆ.